ಎಲೆ ನೋಡಿದ್ದು ಸಾಕು, ಸ್ವಲ್ಪ ಬೇರನ್ನೂ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಕಿತ್ತಳೆ, ಮೋಸಂಬಿ ತೋಟಗಳು ಸೊರಗುವ ಬಗ್ಗೆ ಬಂದ ಲೇಖನ ಓದಿದೆ. ಸತು ಕಮ್ಮಿಯಾದರೆ ಎಲೆ ಹೇಗೆ ಕಾಣುತ್ತದೆ, ಮ್ಯಾಂಗನೀಸ್ ಕಮ್ಮಿಯಾದರೆ ಹೇಗೆ, ಯಾವ ಹೊತ್ತಲ್ಲಿ ಏನು ಸಿಂಪಡಿಸಬೇಕು, ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಇಡೀ ಲೇಖನದಲ್ಲಿ ಒಂದು ಸಲವೂ ಬೇರಿನ ಮಾತು ಬರಲಿಲ್ಲ. ಮರ ಊಟ ಮಾಡುವುದು ಬೇರಿನಿಂದ ಅಲ್ವಾ? ಆ ಬೇರನ್ನೇ ಯಾರೋ ತಿನ್ನುತ್ತಾ ಕೂತಿದ್ದರೆ ಎಲೆಗೆ ಎಷ್ಟು ಸಿಂಪಡಿಸಿದರೂ ಏನು ಬಂತು? ನಿಂಬೆ ಜಾತಿಯ ಗಿಡ ಬೆಳೆಯುವವನಾಗಿ ಈ ವಿಷಯ ನನಗೆ ತುಂಬಾ ಮುಖ್ಯ. ಪತ್ರ ಉದ್ದ ಆಗುತ್ತದೆ, ದಯವಿಟ್ಟು ಆದಷ್ಟು ಪೂರ್ತಿ ಹಾಕಿ.

ನಾನು ಹೇಳಬೇಕಾದದ್ದು ಇಷ್ಟೇ. ಬೇರು ತಿನ್ನುವ ನೆಮಟೋಡ್, ಅಂದರೆ ಜಂತುಹುಳು, ಒಂದು ಸಲ ತೋಟದ ಮಣ್ಣಿಗೆ ಬಂದು ಸೇರಿತು ಅಂದರೆ ಅದನ್ನು ಪೂರ್ತಿ ಹೊರಗೆ ಹಾಕಲು ಆಗುವುದಿಲ್ಲ. ಹತೋಟಿಯಲ್ಲಿ ಇಡಬಹುದು, ಅಷ್ಟೇ. ಹಾಗಾಗಿ ನಿಜವಾದ ಕೆಲಸ ಇರುವುದು ಗಿಡ ನೆಡುವುದಕ್ಕೆ ಮುಂಚೆ. ನರ್ಸರಿಯಲ್ಲಿ ಮತ್ತು ಗುಂಡಿ ತೋಡುವ ಜಾಗದಲ್ಲಿ. ನಾವು ಮಾತ್ರ ಮರ ಸೊರಗಿದ ಮೇಲೆ ಔಷಧಿ ಯಾವುದು ಅಂತ ಕೇಳಿಕೊಂಡು ಓಡಾಡುತ್ತೇವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈ ಹುಳುವಿನ ಪರಿಚಯ ಮೊದಲು ಮಾಡಿಕೊಡುತ್ತೇನೆ. ನಿಂಬೆ ಜಾತಿಗೆ ಅತಿ ಹೆಚ್ಚು ಕಡೆ ಕಾಟ ಕೊಡುವುದು ಸಿಟ್ರಸ್ ನೆಮಟೋಡ್. ಶಾಸ್ತ್ರೀಯ ಹೆಸರು ಟೈಲೆಂಕುಲಸ್ ಸೆಮಿಪೆನಿಟ್ರಾನ್ಸ್. 1912ರಲ್ಲಿ ಕ್ಯಾಲಿಫೋರ್ನಿಯಾದ ತೋಟವೊಂದರ ಬೇರಲ್ಲಿ ಇದು ಮೊದಲು ಕಣ್ಣಿಗೆ ಬಿತ್ತು, ಮರುವರ್ಷ ಎನ್.ಎ. ಕಾಬ್ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟರು. ಇವತ್ತು ನಿಂಬೆ ಜಾತಿ ಬೆಳೆಯುವ ಹೆಚ್ಚುಕಮ್ಮಿ ಎಲ್ಲ ದೇಶಗಳಲ್ಲೂ ಇದೆ. ಬೆಳೆದ ಹೆಣ್ಣು ಹುಳುವಿನ ಉದ್ದ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ತಲೆ ಭಾಗವನ್ನು ಎಳೆಬೇರಿನ ಒಳಗೆ ತೂರಿಸಿ, ಹಿಂಭಾಗವನ್ನು ಹೊರಗೆ ಬಿಟ್ಟುಕೊಂಡು, ಅಲ್ಲೇ ಕೂತು ಜೀವನ ಪೂರ್ತಿ ಹೀರುತ್ತದೆ. ಜಾಗ ಬಿಟ್ಟು ಕದಲುವುದಿಲ್ಲ. ಗಂಡು ಹುಳು ಬೇರು ತಿನ್ನುವುದೇ ಇಲ್ಲ, ಗಂಡು ಇಲ್ಲದೆಯೂ ಹೆಣ್ಣು ಮೊಟ್ಟೆ ಇಡಬಲ್ಲದು. ಒಂದು ಹೆಣ್ಣು ನೂರರ ಹತ್ತಿರ ಹತ್ತಿರ ಮೊಟ್ಟೆ ಇಡುತ್ತದೆ, ಅದೂ ಅಂಟು ಅಂಟಾದ ಲೋಳೆಯ ಒಳಗೆ. ಮಣ್ಣು 25 ಡಿಗ್ರಿ ಆಸುಪಾಸು ಬೆಚ್ಚಗಿದ್ದರೆ 6ರಿಂದ 8 ವಾರಕ್ಕೆ ಒಂದು ತಲೆಮಾರು ಮುಗಿದು ಇನ್ನೊಂದು ಶುರು. ಲೆಕ್ಕ ನೀವೇ ಹಾಕಿ. ಜೋರಾಗಿ ಹತ್ತಿದ ತೋಟದಲ್ಲಿ ಒಂದೇ ಗ್ರಾಂ ಎಳೆಬೇರಿನಲ್ಲಿ ನೂರಾರು ಹೆಣ್ಣು ಹುಳು ಸಿಗುತ್ತವೆ.

ಆ ಲೋಳೆಯಿಂದ ನಮಗೆ ಒಂದು ಉಪಕಾರವೂ ಇದೆ. ಮಣ್ಣಿನ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ ಹುಳು ಹತ್ತಿದ ಬೇರನ್ನು ಕಿತ್ತು ನೀರಲ್ಲಿ ಅಲುಗಿಸಿ ತೊಳೆದರೂ ಕೊಳೆ ಹೋಗುವುದಿಲ್ಲ. ಒಳ್ಳೆಯ ಬೇರು ತೊಳೆದ ತಕ್ಷಣ ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ ಕಾಣುತ್ತದೆ. ಹತ್ತಿದ್ದು ದಪ್ಪಗೆ, ಕಂದು ಬಣ್ಣಕ್ಕೆ, ಮರಳು ಮೆತ್ತಿದ ಹಾಗೆ ಒರಟಾಗಿ ಕಾಣುತ್ತದೆ. ಸಿಪ್ಪೆ ಸುಲಭವಾಗಿ ಕಳಚಿಕೊಂಡು ಬರುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ. ಗುದ್ದಲಿ, ಒಂದು ಬಕೆಟ್ ನೀರು ಸಾಕು. ಇದೇ ಕೊನೆಯ ತೀರ್ಮಾನ ಅಂತ ಅಂದುಕೊಳ್ಳಬೇಡಿ, ಆದರೆ ಅನುಮಾನ ಬರುವುದಕ್ಕೆ ಇಷ್ಟು ಸಾಕು.

ಇನ್ನು ಮೇಲೆ ಏನು ಕಾಣುತ್ತದೆ? ಇಲ್ಲೇ ಎಲ್ಲರೂ ದಾರಿ ತಪ್ಪುವುದು. ಮರ ಒಂದೇ ಸಲ ಸಾಯುವುದಿಲ್ಲ. ಚಿಗುರು ಕಮ್ಮಿ ಆಗುತ್ತದೆ. ಎಲೆ ಸಣ್ಣದಾಗಿ ಹಳದಿಗೆ ತಿರುಗುತ್ತದೆ. ನೆತ್ತಿಯ ಕಡೆಯ ಸಣ್ಣ ಕೊಂಬೆಗಳು ತುದಿಯಿಂದ ಒಣಗುತ್ತಾ ಬರುತ್ತವೆ. ಬಿಸಿಲು ಏರಿದಾಗ ನೀರಿದ್ದರೂ ಬಾಡಿದ ಹಾಗೆ ನಿಲ್ಲುತ್ತದೆ. ಹಣ್ಣಿನ ಗಾತ್ರ ಇಳಿಯುತ್ತದೆ, ಆಮೇಲೆ ಸಂಖ್ಯೆಯೂ ಇಳಿಯುತ್ತದೆ. ಇದಕ್ಕೆ ನಿಧಾನ ಸೊರಗು ಅಂತಲೇ ಹೆಸರು. ಇವೆಲ್ಲವೂ ಪೋಷಕಾಂಶ ಕಮ್ಮಿಯಾದಾಗಲೂ ಆಗುತ್ತವೆ, ನೀರು ನಿಂತಾಗಲೂ ಆಗುತ್ತವೆ, ಬೇರು ಕೊಳೆತಾಗಲೂ ಆಗುತ್ತವೆ, ಹಾಗಾಗಿ ಎಲೆ ಹಿಡಿದು ನೋಡಿ ಇದೇ ರೋಗ ಅಂತ ಹೇಳುವವರ ಮಾತನ್ನು ನಂಬಬೇಡಿ. ಎಲೆ ಸತು ಕಮ್ಮಿಯಾದಂತೆ ಕಾಣುವುದು ಸುಳ್ಳಲ್ಲ, ನಿಜವಾಗಿಯೂ ಕಮ್ಮಿಯಾಗಿರುತ್ತದೆ. ಎಷ್ಟೋ ಸಲ ಸತು ಮಣ್ಣಲ್ಲಿ ಇದ್ದೂ ಅದನ್ನು ಎತ್ತಿಕೊಳ್ಳುವ ಎಳೆಬೇರೇ ಇರುವುದಿಲ್ಲ! ಸಿಂಪಡಿಸಿದರೆ ಸ್ವಲ್ಪ ದಿನ ಹಸಿರು ಬರುತ್ತದೆ, ನಾವು ಖುಷಿ ಪಡುತ್ತೇವೆ, ಕೆಳಗೆ ಹುಳು ತನ್ನ ಪಾಡಿಗೆ ತಾನು ಹೆಚ್ಚುತ್ತಾ ಹೋಗುತ್ತದೆ.

ಇಳುವರಿ ನಷ್ಟ 10ರಿಂದ 30 ಪ್ರತಿಶತ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಣ್ಣು, ಬೇರುಸಸಿ (ಅಂದರೆ ಕಸಿ ಕಟ್ಟುವ ಕೆಳಗಿನ, ಬೇರಿರುವ ಗಿಡ), ನೀರು ನೋಡಿಕೊಂಡು ಇದು ಹೆಚ್ಚುಕಮ್ಮಿ ಆಗುತ್ತದೆ. ನಿಧಾನವಾಗಿ ಆಗುವುದರಿಂದ ಯಾರಿಗೂ ಗಾಬರಿ ಆಗುವುದಿಲ್ಲ. ಮರಕ್ಕೆ ವಯಸ್ಸಾಯಿತು ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತೇವೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನೆಮಟೋಡ್ ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ಮಣ್ಣಲ್ಲಿ ಸಿಗುವ ಬಹಳಷ್ಟು ನೆಮಟೋಡ್‌ಗಳು ಗಿಡದ ತಂಟೆಗೆ ಬರುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ತಿಂದು ಸಾರಜನಕ ಬಿಡುಗಡೆ ಮಾಡುತ್ತವೆ, ಕೆಲವು ಶಿಲೀಂಧ್ರ ತಿನ್ನುತ್ತವೆ, ಸ್ಟೈನರ್ನೀಮಾ ಥರದವು ಬೇರು ಕಡಿಯುವ ಮೂತಿಹುಳುವಿನ ಮರಿಗಳನ್ನೇ ಕೊಲ್ಲುತ್ತವೆ. ಇವು ನಮ್ಮ ಕಡೆಯವು. ಹಾಗಾಗಿ ಪರೀಕ್ಷೆಯ ವರದಿಯಲ್ಲಿ ಸುಮ್ಮನೆ ಇಷ್ಟು ನೆಮಟೋಡ್ ಇದೆ ಅಂತ ಒಟ್ಟು ಲೆಕ್ಕ ಕೊಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ, ಯಾವ ಜಾತಿ ಎಷ್ಟು ಅಂತ ಕೇಳಿ ಬರೆಸಿಕೊಳ್ಳಬೇಕು. ಬೇರು ತಿನ್ನುವವರಲ್ಲೂ ಬೇರೆ ಬೇರೆ ಇದ್ದಾರೆ. ಬೇರೊಳಗೆ ಪೂರ್ತಿ ನುಗ್ಗಿ ಕೊರೆಯುತ್ತಾ ಸಾಗುವ ರಾಡೋಫೋಲಸ್ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ‘ಹರಡುವ ಸೊರಗು’ ಅಂತ ಕರೆಯುತ್ತಿದ್ದ ಕಾಯಿಲೆಗೆ ಇದೇ ಕಾರಣ ಅಂತ 1953ರಲ್ಲಿ ಗೊತ್ತಾಯಿತು. ಮರಳು ಮಣ್ಣಿನ ಆಳದ ಬೇರುಗಳನ್ನು ತಿಂದು ಹಾಕುತ್ತಾ ಒಂದು ಮರದಿಂದ ಪಕ್ಕದ ಮರಕ್ಕೆ ವರ್ಷ ವರ್ಷ ಮುಂದೆ ಸರಿಯುತ್ತಿತ್ತು. ಪ್ರಾಟಿಲೆಂಕಸ್ ಜಾತಿಯವು ಬೇರಲ್ಲಿ ಗಾಯ ಮಾಡುತ್ತವೆ. ಇವುಗಳ ನಡವಳಿಕೆ ಬೇರೆ, ಇರುವ ಆಳ ಬೇರೆ, ಮದ್ದು ಬೇರೆ.

ಟೊಮೆಟೊ, ಬದನೆ ಬೆಳೆದವರಿಗೆಲ್ಲ ಬೇರುಗಂಟು ಹುಳು ಗೊತ್ತಿರುತ್ತದೆ. ಬೇರಲ್ಲಿ ಗಂಟು ಕಂಡರೆ ನೆಮಟೋಡ್, ಗಂಟು ಇಲ್ಲದಿದ್ದರೆ ಇಲ್ಲ ಅಂತ ಲೆಕ್ಕ ಹಾಕುತ್ತಾರೆ. ಸಿಟ್ರಸ್ ನೆಮಟೋಡ್ ಗಂಟು ಕಟ್ಟುವುದಿಲ್ಲ! ಗಂಟು ಹುಡುಕುತ್ತಾ ಹೋದವರಿಗೆ ಏನೂ ಸಿಗದೆ ಬೇರು ಚೆನ್ನಾಗಿದೆ ಅಂತ ಮಣ್ಣು ಮುಚ್ಚಿ ಬರುತ್ತಾರೆ. ಚೆಂಡು ಹೂವಿನ ವಿಷಯವೂ ಹೀಗೇ. ಚೆಂಡು ಹೂ ಬೆಳೆದರೆ ನೆಮಟೋಡ್ ಹೋಗುತ್ತದೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಬೇರುಗಂಟು ಹುಳುವಿನ ಮೇಲೆ, ಬೇರು ಗಾಯದ ಹುಳುವಿನ ಮೇಲೆ ಅದರ ಪರಿಣಾಮ ಇದೆ, ಒಪ್ಪುತ್ತೇನೆ. ಸಾಲಿನ ನಡುವೆ ನಾಲ್ಕು ಗಿಡ ಹಾಕಿ, ದೊಡ್ಡ ಮರದ ಬೇರಲ್ಲಿ ತಲೆ ತೂರಿಸಿ ಕೂತ ಸಿಟ್ರಸ್ ನೆಮಟೋಡ್ ಎದ್ದು ಹೋಗುತ್ತದೆ ಅಂತ ಕಾಯುವುದನ್ನು ನಾನು ಒಪ್ಪುವುದಿಲ್ಲ.

ಪರೀಕ್ಷೆ ಹೇಗೆ ಮಾಡಿಸಬೇಕು ಅಂತ ನಿಮ್ಮ ಪುಟದಲ್ಲಿ ಒಮ್ಮೆ ವಿವರವಾಗಿ ಬರಬೇಕು. ಸದ್ಯಕ್ಕೆ ನಾನೇ ಹೇಳುತ್ತೇನೆ. ಸತ್ತ ಮರದ ಬುಡದಿಂದ ಮಣ್ಣು ತೆಗೆಯಬೇಡಿ. ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ, ಹುಳುವೂ ಕಮ್ಮಿ ಸಿಗುತ್ತದೆ. ಸೊರಗುತ್ತಿರುವ, ಆದರೆ ಇನ್ನೂ ಜೀವ ಇರುವ ಮರ ಆರಿಸಿ. ಪಕ್ಕದಲ್ಲಿ ಚೆನ್ನಾಗಿರುವ ಮರಗಳಿಂದ ಬೇರೆ ಮಾದರಿ ತೆಗೆದರೆ ಹೋಲಿಸಿ ನೋಡಲು ಆಗುತ್ತದೆ. ಮರದ ನೆರಳಿನ ಒಳಗೆ, ನೀರು ಬೀಳುವ ಜಾಗದಲ್ಲಿ, ಮೇಲಿನ ಒಣ ಮಣ್ಣನ್ನು ಸರಿಸಿ, ಸುಮಾರು 15ರಿಂದ 45 ಸೆಂಟಿಮೀಟರ್ ಆಳದಿಂದ ಎಳೆಬೇರು ಸಮೇತ ಮಣ್ಣು ತೆಗೆಯಬೇಕು. ಒಂದೇ ಕಡೆ ತೆಗೆದರೆ ಪ್ರಯೋಜನ ಇಲ್ಲ, ಹುಳು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ತೋಟದ ಒಂದು ಭಾಗದಲ್ಲಿ ಹದಿನೈದು ಇಪ್ಪತ್ತು ಕಡೆಯಿಂದ ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ.

ಒಂದು ಎಚ್ಚರಿಕೆ ಇದೆ, ಇದನ್ನು ಜನ ಹೆಚ್ಚಾಗಿ ಗಮನಿಸುವುದಿಲ್ಲ. ಗೊಬ್ಬರದ ಪರೀಕ್ಷೆಗೆ ಮಣ್ಣನ್ನು ಒಣಗಿಸಿ ಕಳಿಸುತ್ತೇವಲ್ಲ, ಇಲ್ಲಿ ಹಾಗೆ ಮಾಡಲೇಬಾರದು. ಲ್ಯಾಬಿನಲ್ಲಿ ಜೀವಂತ ಹುಳು ನೀರಿಗೆ ಇಳಿದು ಬರುವುದನ್ನು ನೋಡಿಯೇ ಎಣಿಸುತ್ತಾರೆ. ಮಣ್ಣು ಒಣಗಿದರೆ, ಬಿಸಿಲಲ್ಲಿ ಗಾಡಿಯೊಳಗೆ ಬೆಂದರೆ ಹುಳು ಸತ್ತು ವರದಿಯಲ್ಲಿ ಸೊನ್ನೆ ಬರುತ್ತದೆ, ನೀವು ನೆಮ್ಮದಿಯಾಗಿ ಮನೆಗೆ ಬರುತ್ತೀರಿ. ಹಸಿ ಇದ್ದ ಹಾಗೇ ನೆರಳಲ್ಲಿ ಇಟ್ಟು ಬೇಗ ತಲುಪಿಸಿ. ಕಾಲದ ಲೆಕ್ಕವೂ ಇದೆ. ಹೊಸ ಬೇರು ಬರುವ ಹೊತ್ತಲ್ಲಿ ಹುಳು ಏರುತ್ತದೆ, ಮಣ್ಣು ತುಂಬಾ ಕಾದಾಗ ಅಥವಾ ಒಣಗಿದಾಗ ಇಳಿಯುತ್ತದೆ. ಹಾಗಾಗಿ ಒಂದು ವರ್ಷ ಬೇಸಿಗೆಯಲ್ಲಿ, ಮುಂದಿನ ವರ್ಷ ಮಳೆ ಮುಗಿದ ಮೇಲೆ ಮಾಡಿಸಿ ಅಂಕಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಪ್ರತಿ ವರ್ಷ ಒಂದೇ ಹಂಗಾಮಿನಲ್ಲಿ ಮಾಡಿಸಬೇಕು.

ಈಗ ಔಷಧಿಯ ಮಾತು. ಎಲ್ಲರೂ ಕೇಳುವುದು ಇದನ್ನೇ. ಒಂದು ಕಾಲದಲ್ಲಿ ಡಿಬಿಸಿಪಿ ಅಂತ ಒಂದು ರಾಸಾಯನಿಕ ಇತ್ತು. ನಿಂತ ಮರಕ್ಕೇ ನೀರಿನ ಜೊತೆ ಕೊಡಬಹುದಿತ್ತು, ಮರ ಸಾಯುತ್ತಿರಲಿಲ್ಲ, ಹುಳು ಸಾಯುತ್ತಿತ್ತು. ಬೆಳೆಗಾರರು ಅದನ್ನು ತುಂಬಾ ಮೆಚ್ಚಿದ್ದರು. 1977ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಗಂಡಸರಿಗೆ ಮಕ್ಕಳಾಗದೇ ಹೋಗಿರುವುದು ಬಯಲಾಯಿತು. 1979ರಲ್ಲಿ ಅಮೆರಿಕದಲ್ಲಿ ಅದರ ಬಳಕೆ ಹೆಚ್ಚುಕಮ್ಮಿ ನಿಂತೇಹೋಯಿತು, ಆದರೆ ಅಲ್ಲಿನ ಬಾವಿ ನೀರಲ್ಲಿ ಅದರ ಅಂಶ ಆಮೇಲೆಯೂ ಎಷ್ಟೋ ವರ್ಷ ಸಿಗುತ್ತಲೇ ಇತ್ತು. ಫ್ಲಾರಿಡಾದಲ್ಲಿ ರಾಡೋಫೋಲಸ್ ತಡೆಯಲು ಕಾಯಿಲೆ ಮರಗಳನ್ನು ಬುಡಸಮೇತ ಕಿತ್ತು ಸುಟ್ಟು, ಆ ಜಾಗಕ್ಕೆ ವಿಷದ ಹೊಗೆ ಕೊಡುವ ದೊಡ್ಡ ಕಾರ್ಯಕ್ರಮವೇ ದಶಕಗಳ ಕಾಲ ನಡೆಯಿತು. ಅಲ್ಲಿ ಬಳಸುತ್ತಿದ್ದ ಇಡಿಬಿ ಎಂಬ ರಾಸಾಯನಿಕ ಕೂಡ ಅಂತರ್ಜಲಕ್ಕೆ ಇಳಿದಿರುವುದು ಗೊತ್ತಾಗಿ 1983ರಲ್ಲಿ ಮಣ್ಣಿಗೆ ಹಾಕುವುದನ್ನು ನಿಲ್ಲಿಸಿದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಬೇರಿನ ಆಳಕ್ಕೆ ಇಳಿದು ಹುಳು ಕೊಲ್ಲುವ ವಸ್ತು ಅಲ್ಲಿಗೇ ನಿಲ್ಲುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ನಾವು ಕುಡಿಯುವ ನೀರು ಕೂಡ ಅದೇ ಮಣ್ಣಿನ ಕೆಳಗೆ ಇದೆ. ಔಷಧಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಫ್ಲುಯೋಪೈರಂ, ಫ್ಲುಯೆನ್ಸಲ್ಫೋನ್ ಥರದ ಈಚಿನ ಔಷಧಿಗಳು ಹಳೆಯವುಗಳಷ್ಟು ಭಯಂಕರ ಅಲ್ಲ. ನಿಮ್ಮ ಬೆಳೆಗೆ ಅನುಮತಿ ಇದೆಯಾ ಅಂತ ಲೇಬಲ್ ಓದಿ, ಪರೀಕ್ಷೆಯಲ್ಲಿ ಹುಳು ಜಾಸ್ತಿ ಬಂದಿದ್ದರೆ, ಹೊಸ ಬೇರು ಹೊರಡುವ ಹೊತ್ತು ನೋಡಿಕೊಂಡು, ನೀರು ಬೀಳುವ ಜಾಗಕ್ಕೆ ಮಾತ್ರ ಕೊಟ್ಟರೆ ಅರ್ಥ ಇದೆ. ಪರೀಕ್ಷೆ ಇಲ್ಲದೆ, ಪಕ್ಕದ ತೋಟದವರು ಹಾಕಿದರು ಅಂತ ವರ್ಷಾ ವರ್ಷಾ ಸುರಿಯುವುದು ತಪ್ಪು. ಕೆಲವು ಔಷಧಿಗಳನ್ನು ಒಂದೇ ಮಣ್ಣಿಗೆ ಮತ್ತೆ ಮತ್ತೆ ಹಾಕಿದರೆ ಅಲ್ಲಿನ ಸೂಕ್ಷ್ಮಜೀವಿಗಳೇ ಅದನ್ನು ಬೇಗ ಬೇಗ ಒಡೆದು ಹಾಕಲು ಕಲಿಯುತ್ತವೆ, ಆಮೇಲೆ ಹುಳುವಿಗೆ ತಾಗುವ ಮೊದಲೇ ಔಷಧಿ ಖಾಲಿ. ಇನ್ನು ಬೇರು ಕೊಳೆ, ನೀರು ನಿಲ್ಲುವುದು, ಕಾಂಡದ ಅಂಟು ರೋಗ ಇದ್ದ ಮರಕ್ಕೆ ಬರೀ ನೆಮಟೋಡ್ ಔಷಧಿ ಕೊಟ್ಟು ಚಿಗುರು ಬರಲಿಲ್ಲ ಅಂತ ಬೇಜಾರು ಮಾಡಿಕೊಂಡರೆ ಅದು ಔಷಧಿಯ ತಪ್ಪಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ನರ್ಸರಿ. ಈ ಹುಳು ತಾನಾಗಿ ಹರಿದು ಹೋಗುವುದು ಬಹಳ ಕಮ್ಮಿ ದೂರ. ತೋಟದಿಂದ ತೋಟಕ್ಕೆ, ದೇಶದಿಂದ ದೇಶಕ್ಕೆ ಅದನ್ನು ಹೊತ್ತವರು ನಾವೇ, ಗಿಡದ ಬೇರಲ್ಲಿ ಮತ್ತು ಚೀಲದ ಮಣ್ಣಲ್ಲಿ. ಕಸಿ ಗಿಡ ಕೊಳ್ಳುವಾಗ ನಾವು ಏನು ನೋಡುತ್ತೇವೆ? ಎಲೆ ಹಸಿರಾಗಿದೆಯಾ, ಎತ್ತರ ಎಷ್ಟಿದೆ, ಯಾವ ತಳಿ, ಅಷ್ಟೇ. ನರ್ಸರಿಯಲ್ಲಿ ದಿನಾ ನೀರು, ಗೊಬ್ಬರ ಸಿಗುವುದರಿಂದ ಹುಳು ಹತ್ತಿದ ಗಿಡವೂ ಮೇಲೆ ಚೆನ್ನಾಗಿಯೇ ಇರುತ್ತದೆ. ತೋಟಕ್ಕೆ ಬಂದು ಬಿಸಿಲಿಗೆ ನಿಂತ ಮೇಲೆ ಅದರ ಬಂಡವಾಳ ಗೊತ್ತಾಗುವುದು, ಅಷ್ಟು ಹೊತ್ತಿಗೆ ನಿಮ್ಮ ಮಣ್ಣಿಗೆ ಹುಳು ಇಳಿದಾಗಿರುತ್ತದೆ.

ಹಾಗಾಗಿ ಗಿಡ ಕೊಳ್ಳುವ ಮೊದಲು ನರ್ಸರಿಯವರನ್ನು ಧೈರ್ಯವಾಗಿ ಕೇಳಿ. ಚೀಲಕ್ಕೆ ತುಂಬುವ ಮಣ್ಣು ಎಲ್ಲಿಂದ ತರುತ್ತೀರಿ? ಹಳೆಯ ತೋಟದ ಮಣ್ಣಾ? ಅದನ್ನು ಹಬೆಯಲ್ಲಿ ಬೇಯಿಸಿದ್ದೀರಾ, ಇಲ್ಲ ಬಿಸಿಲಿಗೆ ಕಾಯಿಸಿದ್ದೀರಾ? ಚೀಲಗಳನ್ನು ನೆಲದ ಮೇಲೆ ಇಡುತ್ತೀರಾ, ಎತ್ತರದ ಕಟ್ಟೆ ಮೇಲೆ ಇಡುತ್ತೀರಾ? ನೆಲಕ್ಕೆ ತಾಗಿದ್ದರೆ ಚೀಲದ ತೂತಿನಿಂದ ಬೇರು ಕೆಳಗಿನ ಮಣ್ಣಿಗೆ ಇಳಿದು ಹುಳು ಹತ್ತಿಸಿಕೊಳ್ಳುತ್ತದೆ. ನೀರು ಎಲ್ಲಿಯದು? ತೋಟಗಳ ನಡುವೆ ಹರಿದು ಬಂದ ಕಾಲುವೆ ನೀರಾದರೆ ಅದರಲ್ಲೇ ಹುಳು ಬರಬಹುದು. ಬೇರಿನ ಪರೀಕ್ಷೆ ಮಾಡಿಸಿದ ವರದಿ ಇದೆಯಾ? ಒಂದೆರಡು ಗಿಡದ ಚೀಲ ಬಿಚ್ಚಿ ಬೇರು ತೊಳೆದು ತೋರಿಸುತ್ತೀರಾ? ಒಳ್ಳೆಯ ನರ್ಸರಿಯವರು ಇಂಥ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅಲ್ಲಿಂದ ಹೊರಡಿ. ಫ್ಲಾರಿಡಾದಲ್ಲಿ ನರ್ಸರಿಯ ಜಾಗವನ್ನೂ ಗಿಡವನ್ನೂ ಪರೀಕ್ಷಿಸಿ ನೆಮಟೋಡ್ ಇಲ್ಲ ಅಂತ ಖಾತ್ರಿ ಮಾಡುವ ಪದ್ಧತಿ ತಂದರು, ನೆಮಟೋಡ್ ವಿರುದ್ಧ ಅಲ್ಲಿ ಮಾಡಿದ ಕೆಲಸಗಳಲ್ಲಿ ಬಾಳಿಕೆ ಬಂದದ್ದು ಇದು. ಮೇಲೆ ಹೇಳಿದ ಆ ವಿಷದ ಹೊಗೆ ನಿಂತುಹೋಯಿತು.

ನರ್ಸರಿ ನಡೆಸುವವರಿಗೂ ಇದು ದೊಡ್ಡ ಕಷ್ಟದ ಕೆಲಸ ಅಲ್ಲ. ಮಣ್ಣನ್ನು ಹದವಾಗಿ ನೆನೆಸಿ, ಮೇಲೆ ತೆಳು ಪಾರದರ್ಶಕ ಪಾಲಿಥಿನ್ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ, ಕಡು ಬೇಸಿಗೆಯಲ್ಲಿ 4ರಿಂದ 6 ವಾರ ಬಿಟ್ಟರೆ ಮೇಲಿನ ಪದರದ ಹುಳು, ಕಳೆ ಬೀಜ, ಎಷ್ಟೋ ಶಿಲೀಂಧ್ರ ಎಲ್ಲ ಬೇಯುತ್ತವೆ. ಕಪ್ಪು ಹಾಳೆ ಹಾಕಬೇಡಿ, ಅದು ತಾನು ಕಾಯುತ್ತದೆಯೇ ಹೊರತು ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಒಣ ಮಣ್ಣಿಗೆ ಹಾಕಿದರೂ ಬಿಸಿ ಕೆಳಗೆ ಇಳಿಯುವುದಿಲ್ಲ. ಮಣ್ಣು ತೊಳೆದ ಬರಿಬೇರಿನ ಗಿಡಗಳಾದರೆ 45 ಡಿಗ್ರಿ ಬಿಸಿನೀರಲ್ಲಿ 25 ನಿಮಿಷ ಬೇರು ಮುಳುಗಿಸುವುದು ಸಿಟ್ರಸ್ ನೆಮಟೋಡ್‌ಗೆ ಹಳೆಯ, ಒಳ್ಳೆಯ ವಿಧಾನ. ಥರ್ಮಾಮೀಟರ್ ಇಲ್ಲದೆ ಕೈ ಅದ್ದಿ ಅಂದಾಜಿನಲ್ಲಿ ಮಾಡಬಾರದು, ಸ್ವಲ್ಪ ಜಾಸ್ತಿ ಆದರೆ ಗಿಡವೇ ಬೇಯುತ್ತದೆ, ಸ್ವಲ್ಪ ಕಮ್ಮಿ ಆದರೆ ಹುಳು ಉಳಿಯುತ್ತದೆ.

ಬೇರುಸಸಿಯ ಆಯ್ಕೆ ಇನ್ನೊಂದು ದಾರಿ, ನನ್ನ ಪ್ರಕಾರ ಅತಿ ಕಮ್ಮಿ ಚರ್ಚೆ ಆಗುವುದು ಇದೇ. ತಳಿಯ ಹೆಸರು ಕೇಳುವ ನಾವು ಕಸಿ ಯಾವುದರ ಮೇಲೆ ಕಟ್ಟಿದ್ದು ಅಂತ ಕೇಳುವುದೇ ಇಲ್ಲ. ರಫ್ ಲೆಮನ್, ರಂಗಪುರ ನಿಂಬೆ, ಹುಳಿ ಕಿತ್ತಳೆ, ಕ್ಲಿಯೋಪಾತ್ರ ಮ್ಯಾಂಡರಿನ್, ಈ ಎಲ್ಲದಕ್ಕೂ ಸಿಟ್ರಸ್ ನೆಮಟೋಡ್ ಚೆನ್ನಾಗಿ ಹತ್ತುತ್ತದೆ. ಮೂರೆಲೆಯ ಟ್ರೈಫೋಲಿಯೇಟ್ ಕಿತ್ತಳೆಗೆ ಒಳ್ಳೆಯ ನಿರೋಧಕ ಶಕ್ತಿ ಇದೆ. ಅದರಿಂದ ಹುಟ್ಟಿದ ಸ್ವಿಂಗಲ್ ಸಿಟ್ರುಮೆಲೋದಲ್ಲೂ ಇದೆ, ಟ್ರೋಯರ್ ಮತ್ತು ಕ್ಯಾರಿಜೋ ಸಿಟ್ರೇಂಜ್‌ಗಳಲ್ಲಿ ಸ್ವಲ್ಪ ಮಟ್ಟಿಗೆ ಇದೆ. ಹಾಗಂತ ಎಲ್ಲರೂ ನಾಳೆಯೇ ಟ್ರೈಫೋಲಿಯೇಟ್ ಮೇಲೆ ಕಟ್ಟಿಸಿ ಅಂತ ಹೇಳಲು ಬರುವುದಿಲ್ಲ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಲ್ಲಿ ಅದಕ್ಕೆ ಕಬ್ಬಿಣ ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ, ಉಪ್ಪು ನೀರೂ ಆಗುವುದಿಲ್ಲ. ಸ್ವಿಂಗಲ್‌ಗೂ ಸುಣ್ಣದ ಮಣ್ಣು, ಜಿಗುಟು ಮಣ್ಣು ಹಿಡಿಸುವುದಿಲ್ಲ. ಇನ್ನೂ ಒಂದು ತೊಡಕು ಇದೆ. ಸಿಟ್ರಸ್ ನೆಮಟೋಡಿನಲ್ಲೇ ಬೇರೆ ಬೇರೆ ಬಗೆ ಇವೆ, ಟ್ರೈಫೋಲಿಯೇಟ್ ಬೇರನ್ನೂ ತಿನ್ನಬಲ್ಲ ಒಂದು ಬಗೆಯೂ ಇದೆ. ಮಣ್ಣಿನ ಪರೀಕ್ಷೆ ಮತ್ತು ಹುಳುವಿನ ಪರೀಕ್ಷೆ ಎರಡನ್ನೂ ಮುಂದೆ ಇಟ್ಟುಕೊಂಡು ಬೇರುಸಸಿ ಆರಿಸಬೇಕು ಅಂತ ನಾನು ಹೇಳುವುದು ಇದಕ್ಕೇ. ನೆಟ್ಟ ಮೇಲೆ ಮರದ ಬೇರು ಬದಲಿಸಲು ಆಗುವುದಿಲ್ಲ, ಗಿಡ ಬುಕ್ ಮಾಡುವ ಹೊತ್ತಲ್ಲೇ ಇದು ತೀರ್ಮಾನ ಆಗಬೇಕು.

ಹಳೆಯ ತೋಟ ಕಿತ್ತು ಅದೇ ಜಾಗದಲ್ಲಿ ಹೊಸದು ಹಾಕುವವರು ಇನ್ನೂ ಹುಷಾರಾಗಿರಬೇಕು. ಮರ ಕಿತ್ತರೆ ಹುಳು ಹೋಗುವುದಿಲ್ಲ. ಮಣ್ಣಲ್ಲಿ ಉಳಿದ ಬೇರಿನ ತುಂಡುಗಳಲ್ಲಿ, ಮೊಟ್ಟೆಯ ಲೋಳೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದೇ ಗುಂಡಿಯಲ್ಲಿ ನೆಟ್ಟರೆ ಎಳೆಯ ಗಿಡದ ನಾಲ್ಕು ಬೇರಿನ ಮೇಲೆ ಹಳೆಯ ಮರದ ಹುಳುಗಳೆಲ್ಲ ಒಟ್ಟಿಗೆ ಬೀಳುತ್ತವೆ, ಗಿಡ ಮೇಲೇಳುವುದೇ ಇಲ್ಲ. ಬೇರುಗಳನ್ನು ಆದಷ್ಟು ಆರಿಸಿ ತೆಗೆಯಿರಿ. ಒಂದರಿಂದ ಮೂರು ವರ್ಷ ಬೇರೆ ಬೆಳೆ ಹಾಕಿ. ಸಿಟ್ರಸ್ ನೆಮಟೋಡ್ ತಿನ್ನುವ ಗಿಡಗಳ ಪಟ್ಟಿ ಚಿಕ್ಕದು, ಅದು ನಮ್ಮ ಅದೃಷ್ಟ. ನಿಂಬೆ ಜಾತಿ ಬಿಟ್ಟರೆ ದ್ರಾಕ್ಷಿ, ಆಲಿವ್, ಪರ್ಸಿಮನ್ ಥರದ ಕೆಲವೇ. ಇವು ಬಿಟ್ಟು ಕಾಳು, ಧಾನ್ಯ, ಹಸಿರೆಲೆ ಗೊಬ್ಬರದ ಬೆಳೆ ಯಾವುದಾದರೂ ಆಗುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ಎಳೆಯ ಗಿಡ ಬೇರು ಬಿಡುವಷ್ಟು ಬಿಡುವು ಸಿಗುತ್ತದೆ. ಅಷ್ಟು ಕಾಲ ಆದಾಯ ಇಲ್ಲದೆ ಇರುವುದು ಎಲ್ಲರಿಂದ ಆಗದು ಅಂತ ನನಗೂ ಗೊತ್ತು. ಆಗದವರು ಕೊನೇಪಕ್ಷ ಹಳೆಯ ಸಾಲು ಬಿಟ್ಟು ನಡುವಿನ ಜಾಗದಲ್ಲಿ ಗುಂಡಿ ತೆಗೆಯಿರಿ, ನಿರೋಧಕ ಬೇರುಸಸಿಯ ಗಿಡ ಹಾಕಿ.

ಈಗಾಗಲೇ ಹುಳು ಇರುವ ತೋಟದವರು ಎದೆಗುಂದಬೇಕಿಲ್ಲ. ಹುಳು ಇದ್ದೂ ಒಳ್ಳೆಯ ಫಸಲು ಕೊಡುವ ಮರಗಳು ಬೇಕಾದಷ್ಟಿವೆ. ಹುಳು ತಿನ್ನುವುದಕ್ಕಿಂತ ಬೇಗ ಹೊಸ ಬೇರು ಬರಬೇಕು, ಲೆಕ್ಕ ಅಷ್ಟೇ. ಒಂದು ಸಲ ಒಣಗಿಸಿ ಇನ್ನೊಂದು ಸಲ ಮುಳುಗಿಸುವ ಬದಲು ನೀರನ್ನು ಹದವಾಗಿ ಕೊಡಿ. ಬುಡದ ಹತ್ತಿರ ನೀರು ನಿಲ್ಲಲು ಬಿಡಬೇಡಿ. ಉಪ್ಪಿನ ಅಂಶ ಜಾಸ್ತಿಯಾದ ಕಡೆ ಹುಳುವಿನ ಕಾಟವೂ ಜಾಸ್ತಿ, ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಸಾಲಿನ ನಡುವೆ ಆಳವಾಗಿ ಉಳುಮೆ ಮಾಡಿ ಇರುವ ನಾಲ್ಕು ಬೇರನ್ನೂ ಕತ್ತರಿಸಬೇಡಿ. ಒಣ ಎಲೆ, ಹುಲ್ಲು ಹೊದಿಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಕೊಟ್ಟರೆ ಮಣ್ಣಲ್ಲಿ ಹುಳುವಿನ ಶತ್ರುಗಳು ಹೆಚ್ಚುತ್ತವೆ. ಪರ್ಪ್ಯೂರಿಯೋಸಿಲಿಯಂ, ಹಳೆಯ ಹೆಸರು ಪ್ಯಾಸಿಲೋಮೈಸಿಸ್, ನೆಮಟೋಡ್ ಮೊಟ್ಟೆ ತಿನ್ನುವ ಶಿಲೀಂಧ್ರ. ಪೊಕೋನಿಯಾ ಕೂಡ ಹಾಗೇ. ಗೊಬ್ಬರದಲ್ಲಿ ಬೆರೆಸಿ ನೆರಳಲ್ಲಿ ತೇವ ಇಟ್ಟು ಬೆಳೆಸಿ ಆಮೇಲೆ ಬುಡಕ್ಕೆ ಕೊಡುವುದು ಒಳ್ಳೆಯದು. ಇವು ಜೀವ ಇರುವ ವಸ್ತು, ಬಿಸಿಲಲ್ಲಿ ಇಟ್ಟ ಪ್ಯಾಕೆಟ್, ತಾರೀಕು ಮುಗಿದ ಪ್ಯಾಕೆಟ್ ತಂದು ಹಾಕಿದರೆ ಪುಡಿ ಹಾಕಿದ ಹಾಗೆ ಅಷ್ಟೇ. ಶಿಲೀಂಧ್ರನಾಶಕ ಸುರಿದ ಬುಡಕ್ಕೆ ಮರುದಿನವೇ ಇದನ್ನು ಹಾಕುವುದರಲ್ಲೂ ಅರ್ಥ ಇಲ್ಲ. ಒಂದೇ ಸಲಕ್ಕೆ ಫಲ ಕಾಣುವುದಿಲ್ಲ, ನಿಂತ ಮರ ಚೇತರಿಸಿಕೊಳ್ಳಲು ಒಂದೆರಡು ಹಂಗಾಮು ಬೇಕೇ ಬೇಕು.

ಹುಳು ಇರುವ ಭಾಗದಲ್ಲಿ ಕೆಲಸ ಮಾಡಿದ ಗುದ್ದಲಿ, ಟ್ರ್ಯಾಕ್ಟರಿನ ಚಕ್ರ, ಬೂಟು ತೊಳೆದೇ ಇನ್ನೊಂದು ಭಾಗಕ್ಕೆ ಹೋಗಬೇಕು. ಎಲ್ಲ ಕಡೆ ಕೆಲಸ ಇದ್ದರೆ ಹುಳು ಇಲ್ಲದ ಕಡೆ ಮೊದಲು, ಇರುವ ಕಡೆ ಕೊನೆಗೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಸಲ ಸೊರಗುವ ತೋಟದ ಬಗ್ಗೆ ಬರೆಸುವಾಗ ಹಳದಿ ಎಲೆಯ ಫೋಟೋ ಜೊತೆಗೆ ತೊಳೆದ ಬೇರಿನ ಫೋಟೋ ಕೂಡ ಹಾಕಿಸಿ, ಒಳ್ಳೆಯ ಬೇರು ಒಂದು, ಹುಳು ಹತ್ತಿದ ಬೇರು ಒಂದು, ಅಕ್ಕಪಕ್ಕ. ನೆಮಟೋಡ್ ತಜ್ಞರಿಂದ ಮಾದರಿ ತೆಗೆಯುವ ವಿಧಾನವನ್ನು ಹಂತ ಹಂತವಾಗಿ ಬರೆಸಿ, ಯಾವ ಯಾವ ಲ್ಯಾಬಿನಲ್ಲಿ ಜಾತಿ ಗುರುತಿಸಿ ವರದಿ ಕೊಡುತ್ತಾರೆ ಅಂತ ಪಟ್ಟಿ ಹಾಕಿ. ನರ್ಸರಿಗಳ ಬಗ್ಗೆ ಬರೆಯುವಾಗ ಬೇರಿನ ಪರೀಕ್ಷೆ ಮಾಡಿಸುತ್ತಾರಾ ಅಂತ ನಿಮ್ಮ ವರದಿಗಾರರು ಕೇಳಲಿ, ಉತ್ತರ ಏನು ಬಂತೋ ಅದನ್ನು ಹಾಗೇ ಅಚ್ಚು ಹಾಕಿ. ಗಿಡ ನೆಡುವ ಹಂಗಾಮಿಗೆ ಮುಂಚೆ ಇದು ಬಂದರೆ ತುಂಬಾ ಜನಕ್ಕೆ ಉಪಯೋಗ ಆಗುತ್ತದೆ.

ಇಂತಿ,
ನಿಮ್ಮ ಓದುಗ, ಒಬ್ಬ ಕಿತ್ತಳೆ ಬೆಳೆಗಾರ